ಕೊರೋನಾ ಜ್ವರವೂ ಮಕ್ಕಳ ರಕ್ತವೂ

ಈಳಿಗೆಮಣೆ ತಗಲಿ ಬೆರಳು ಕೊಯ್ದರೆ ರಕ್ತವು ಹರಿಯುವುದು; ಕೆಲವು ನಿಮಿಷಗಳಲ್ಲಿ ಹೆಪ್ಪುಗಟ್ಟಿ ತಾನಾಗಿಯೇ ನಿಲ್ಲುವುದು. ನಾಳದೊಳಗೆ ಹರಿಯಬೇಕು, ಗಾಯದ ಬಾಯಲ್ಲಿ ಮಾತ್ರ ಗಟ್ಟಿಯಾಗಬೇಕು; ಇದು ರಕ್ತದ ಧರ್ಮ. 2020ನೆಯ ಇಸವಿಯಲ್ಲಿ ಲೋಕವನ್ನೆಲ್ಲ ವ್ಯಾಪಿಸಿದ ಕೊರೋನಾ ವ್ಯಾಧಿಯು ಕೆಲವು ಮಕ್ಕಳಲ್ಲಿ ಈ ಸಮತೋಲವನ್ನೇ ಕೆಡಿಸಿತು. ಆ ಸೋಂಕು ಇಂದಿಗೂ ಲೋಕವನ್ನು ಬಿಟ್ಟುಹೋಗಿಲ್ಲವಾದುದರಿಂದ ಈ ವಿಷಯವನ್ನು ನಮ್ಮ ವಾಚಕರು, ವಿಶೇಷವಾಗಿ ಮಾತೆಯರು, ಅರಿತಿರುವುದು ಲೇಸೆಂದು ನಾವು ಭಾವಿಸುತ್ತೇವೆ.

ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಸೂಕ್ಷ್ಮಕಣಗಳುಂಟು. ಒಂದು ಘನ ಮಿಲಿಮೀಟರು ರಕ್ತದಲ್ಲಿ ಇವು ಸಾಮಾನ್ಯವಾಗಿ 1,50,000ದಿಂದ 4,50,000ದವರೆಗೆ ಇರುವುವು. ನಾಳವು ಒಡೆದೊಡನೆ ಇವು ಅಲ್ಲಿ ಗುಂಪುಗೂಡಿ ರಂಧ್ರವನ್ನು ಮುಚ್ಚುವುವು. ಆಮೇಲೆ ಫೈಬ್ರಿನೋಜೆನ್ ಎಂಬ ದ್ರವ್ಯವು ನೂಲಾಗಿ ಮಾರ್ಪಟ್ಟು ಅವುಗಳ ಮೇಲೆ ಬಲೆಯನ್ನು ನೇಯುವುದು. ಕಾರ್ಯವು ಮುಗಿದ ಬಳಿಕ ಈ ಬಲೆಯು ಕರಗಿಹೋಗತಕ್ಕದ್ದು. ಕರಗಿದ ಬಲೆಯ ಒಂದು ಚೂರಿಗೆ ಡಿ-ಡೈಮರ್ ಎಂದು ಹೆಸರು. ರಕ್ತಪರೀಕ್ಷೆಯಲ್ಲಿ ಇದು ಬಹಳ ಏರಿದ್ದರೆ ಒಳಗೆಲ್ಲಿಯೋ ಹೆಪ್ಪು ಕಟ್ಟುತ್ತಿರಬಹುದೆಂದು ವೈದ್ಯರು ಶಂಕಿಸುವರು. ಕೊರೋನಾ ಸೋಂಕಿನಿಂದ ದೇಹದಲ್ಲಿ ಉರಿಯೂತವು ಮಿತಿಮೀರಿದಾಗ ನಾಳಗಳ ಒಳಪದರವು ಕೆಡುವುದು. ಆಗ ಗಾಯವಿಲ್ಲದೆಯೇ ಹೆಪ್ಪು ಕಟ್ಟುವುದುಂಟು.

ಬಹುಮಂದಿ ಮಕ್ಕಳಿಗೆ ಈ ವ್ಯಾಧಿಯು ನೆಗಡಿ ಜ್ವರಗಳಲ್ಲಿಯೇ ಮುಗಿಯಿತೆಂಬುದು ಸಮಾಧಾನದ ಸಂಗತಿ. ಆದರೆ 2020ನೆಯ ಏಪ್ರಿಲ್ ತಿಂಗಳಲ್ಲಿ, ಲಂಡನ್ನಿನಲ್ಲಿ, ಹತ್ತೇ ದಿನಗಳಲ್ಲಿ ಎಂಟು ಮಂದಿ ಮಕ್ಕಳು ತೀವ್ರವಾದ ಜ್ವರದಿಂದಲೂ ರಕ್ತದೊತ್ತಡದ ಕುಸಿತದಿಂದಲೂ ಆಸ್ಪತ್ರೆಯನ್ನು ಸೇರಿದರು. ಎಲ್ಲರೂ ಅದಕ್ಕೆ ಮುಂಚೆ ಆರೋಗ್ಯವಂತರೇ. ಅವರಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನು ಮೆದುಳಿನ ರಕ್ತನಾಳವು ಕಟ್ಟಿಹೋಗಿ ತೀರಿಕೊಂಡನು. ಸೋಂಕು ತಗಲಿದ ಎರಡರಿಂದ ಆರು ವಾರಗಳ ತರುವಾಯ ತಲೆದೋರುವ ಈ ವಿಕಾರಕ್ಕೆ ವೈದ್ಯರು ಎಂ.ಐ.ಎಸ್.-ಸಿ. ಎಂದು ಹೆಸರಿಟ್ಟರು.

ಇದು ಎಷ್ಟು ವಿರಳ? ಅಮೆರಿಕದ ಏಳು ಆಸ್ಪತ್ರೆಗಳ ಲೆಕ್ಕವು 2021ರಲ್ಲಿ ಪ್ರಕಟವಾಯಿತು. ಕೊರೋನಾ ಜ್ವರದಿಂದಲೇ ಆಸ್ಪತ್ರೆ ಸೇರಿದ 426 ಪ್ರಕರಣಗಳಲ್ಲಿ 9ರಲ್ಲಿ, ಎಂ.ಐ.ಎಸ್.-ಸಿ.ಯ 138ರಲ್ಲಿಯೂ 9ರಲ್ಲಿ, ನಾಳದೊಳಗೆ ಹೆಪ್ಪು ಕಂಡಿತು. ಹನ್ನೆರಡು ವರ್ಷ ತುಂಬಿದವರಿಗೂ, ಕ್ಯಾನ್ಸರ್ ರೋಗವುಳ್ಳವರಿಗೂ, ಔಷಧಕ್ಕಾಗಿ ದೊಡ್ಡ ನಾಳದೊಳಗೆ ಕೊಳವೆಯನ್ನಿರಿಸಿದವರಿಗೂ ಅಪಾಯವು ಹೆಚ್ಚು. ಇವು ಆಸ್ಪತ್ರೆ ಸೇರಿದ ಮಕ್ಕಳ ಅಂಕೆಗಳೆಂಬುದನ್ನು ಮರೆಯಬಾರದು. ಮನೆಯಲ್ಲಿಯೇ ಗುಣಹೊಂದಿದವರು ಈ ಲೆಕ್ಕದೊಳಗೆ ಬಂದಿಲ್ಲ.

ಇನ್ನು ಚಿಕಿತ್ಸೆಯ ಮಾತು. ಹೆಪ್ಪನ್ನು ತಡೆಯಲು ಹೆಪಾರಿನ್ ಎಂಬ ಔಷಧವುಂಟು. ಆದರೆ ಹೆಪ್ಪನ್ನು ತಡೆಯುವ ಔಷಧವೇ ರಕ್ತಸ್ರಾವಕ್ಕೆ ದಾರಿಯಾಗಬಲ್ಲುದು. ಇದೇ ಸೋಂಕಿನ ತರುವಾಯ ಕೆಲವು ಮಕ್ಕಳಲ್ಲಿ ಪ್ಲೇಟ್‌ಲೆಟ್ ಕಣಗಳು ಕುಸಿದು, ಚರ್ಮದ ಮೇಲೆ ರಕ್ತದ ಚುಕ್ಕೆಗಳು ಮೂಡುವುದೂ ಮೂಗಿನಿಂದಲೂ ಒಸಡಿನಿಂದಲೂ ರಕ್ತ ಸುರಿಯುವುದೂ ಉಂಟು. ಒಂದೇ ವ್ಯಾಧಿಯಲ್ಲಿ ಎರಡು ವಿರುದ್ಧವಾದ ಅಪಾಯಗಳು! ಆದುದರಿಂದ ವೈದ್ಯರು ರಕ್ತವನ್ನು ಮತ್ತೆ ಮತ್ತೆ ಪರೀಕ್ಷಿಸುತ್ತ, ತಕ್ಕಡಿ ಹಿಡಿದವರಂತೆ ಔಷಧವನ್ನು ತೂಗಿ ಕೊಡುವರು.

ಹೀಗಿರುವಲ್ಲಿ ಮನೆಯವರು ಸ್ವಂತ ಬುದ್ಧಿಯಿಂದ ಔಷಧ ಕೊಡುವುದು ಸರ್ವಥಾ ಸಲ್ಲದು. ಎಂ.ಐ.ಎಸ್.-ಸಿ.ಯಲ್ಲಿ ವೈದ್ಯರು ಅಲ್ಪಪ್ರಮಾಣದ ಆಸ್ಪಿರಿನ್ ಕೊಡುವುದುಂಟು. ಅದನ್ನು ಕೇಳಿ ಯಾರೂ ಮಗುವಿನ ಜ್ವರಕ್ಕೆ ಆಸ್ಪಿರಿನ್ ಕೊಡಬಾರದು. ಅದು ಪ್ಲೇಟ್‌ಲೆಟ್ ಕಣಗಳ ಶಕ್ತಿಯನ್ನು ಕುಂದಿಸುವುದು. ಕೆಲವು ವೈರಾಣು ಜ್ವರಗಳಲ್ಲಿ, ವಿರಳವಾಗಿಯಾದರೂ, ಮಕ್ಕಳ ಮೆದುಳಿಗೂ ಯಕೃತ್ತಿಗೂ ಘೋರವಾದ ಹಾನಿಯನ್ನು ತರಬಲ್ಲುದು. ನಮ್ಮ ನಾಡಿನಲ್ಲಂತೂ ಕೊರೋನಾವೆಂದು ತಿಳಿದ ಜ್ವರವು ಡೆಂಗೀ ಆಗಿದ್ದರೆ, ಆಸ್ಪಿರಿನ್ನಿನಿಂದ ರಕ್ತಸ್ರಾವವೇ ಹೆಚ್ಚೀತು.

ತಾಯಿಯು ಮಾಡಬೇಕಾದುದು ನಿಗಾ ಇಡುವುದು. ಮೂರು ದಿನವಾದರೂ ಜ್ವರವು ಇಳಿಯದಿರುವುದು, ಕಣ್ಣು ಕೆಂಪಡರುವುದು, ಮೈಮೇಲೆ ದದ್ದು, ಬಿಡದ ಹೊಟ್ಟೆನೋವು ಮತ್ತು ವಾಂತಿ; ಒಂದೇ ಕಾಲು ಊದಿ ನೋಯುವುದು, ಎದೆನೋವು, ಏದುಸಿರು; ಮಾತು ತೊದಲುವುದು, ಒಂದು ಪಾರ್ಶ್ವದ ಕೈಕಾಲು ಸೋಲುವುದು; ಒತ್ತಿದರೂ ಮಾಸದ ಕೆಂಪು ಚುಕ್ಕೆಗಳು, ನಿಲ್ಲದ ರಕ್ತ: ಇವುಗಳಲ್ಲಿ ಯಾವುದು ಕಂಡರೂ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಒಂದು ತಿಂಗಳ ಹಿಂದೆ ಮನೆಯಲ್ಲಿ ಯಾರಿಗಾದರೂ ಕೊರೋನಾ ಬಂದಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳತಕ್ಕದ್ದು. ಅವರು ಯಾವ ಪರೀಕ್ಷೆ ಮಾಡಿಸಬೇಕೆಂಬುದು ಎಷ್ಟೋ ವೇಳೆ ಆ ಒಂದು ಮಾತಿನಿಂದಲೇ ನಿಶ್ಚಯವಾಗುವುದು.