ಎಂ.ಎಸ್. ಕಾಯಿಲೆಯ ಆಯಾಸ ಮತ್ತು ನಮ್ಮ ಊಟದ ತಟ್ಟೆ



ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್., ಇರುವವರನ್ನು ತೀವ್ರವಾಗಿ ಕಾಡುವ ತೊಂದರೆಗಳಲ್ಲಿ ಆಯಾಸವೂ ಒಂದು. ಈ ಕಾಯಿಲೆ ಹೆಚ್ಚಾಗಿ 20ರಿಂದ 40ರ ವಯಸ್ಸಿನಲ್ಲಿ, ಪುರುಷರಿಗಿಂತ ಮಹಿಳೆಯರಲ್ಲಿ ಅಧಿಕವಾಗಿ ಕಾಣಿಸಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ ಎನಿಸುತ್ತದೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ಸೊಸೆಗೋ ಮಗಳಿಗೋ ಸೋಮಾರಿ ಎಂಬ ಹೆಸರು ಬಂದುಬಿಡುತ್ತದೆ. ಇದು ಅನ್ಯಾಯ.

ಮೆದುಳು ಮತ್ತು ಬೆನ್ನುಹುರಿಯ ನರಗಳಿಗೆ ಮಯಲಿನ್ ಎಂಬ ಹೊದಿಕೆಯಿದೆ, ವಿದ್ಯುತ್ ತಂತಿಯ ಪ್ಲಾಸ್ಟಿಕ್ ಹೊದಿಕೆಯ ಹಾಗೆ. ಎಂ.ಎಸ್.ನಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಅದನ್ನು ಹಾಳುಮಾಡುತ್ತದೆ. ಆಗ ಸಂದೇಶ ನಿಧಾನವಾಗುತ್ತದೆ, ಕೆಲವೊಮ್ಮೆ ದಾರಿಯಲ್ಲೇ ನಿಲ್ಲುತ್ತದೆ. ನಾವು ಯೋಚಿಸದೆ ಮಾಡುವ ಕೆಲಸಕ್ಕೆ ಅವರ ಮೆದುಳು ಹೆಚ್ಚು ಶ್ರಮಿಸಬೇಕು. ಸೆಕೆಯಲ್ಲಿ, ಜ್ವರದಲ್ಲಿ ಇದು ಇನ್ನೂ ಹೆಚ್ಚುತ್ತದೆ. ಒಲೆಯ ಮುಂದೆ ಎರಡು ಗಂಟೆ ನಿಲ್ಲುವುದು ಅವರಿಗೆ ಸಣ್ಣ ವಿಷಯವಲ್ಲ.

ಆಹಾರದಿಂದ ಇದನ್ನು ತಗ್ಗಿಸಬಹುದೇ? ರಾಯ್ ಸ್ವಾಂಕ್ ಎಂಬ ನರರೋಗ ವೈದ್ಯರು 1940ರ ದಶಕದ ಕೊನೆಯಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ರೋಗಿಗಳಿಗೆ ಕೊಬ್ಬು ಕಡಿಮೆಯಿರುವ ಊಟ ಹೇಳತೊಡಗಿದರು. ಅವರ ಪ್ರಕಾರ ಸ್ಯಾಚುರೇಟೆಡ್ ಕೊಬ್ಬು ದಿನಕ್ಕೆ 15 ಗ್ರಾಂ ಮೀರಬಾರದು. ಅಮೆರಿಕದ ಅಯೋವಾದ ವೈದ್ಯೆ ಟೆರ್ರಿ ವಾಲ್ಸ್ ಸ್ವತಃ ಎಂ.ಎಸ್. ರೋಗಿ. ಅವರ ಪದ್ಧತಿ ಬೇರೆ: ಮಾಂಸ, ಮೀನು, ರಾಶಿ ತರಕಾರಿ ಉಂಟು, ಧಾನ್ಯ, ಬೇಳೆ, ಹಾಲು, ಮೊಟ್ಟೆ ಇಲ್ಲ. ಎರಡನ್ನೂ ಹೋಲಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಎರಡು ಗುಂಪಿನವರಿಗೂ ಆಯಾಸ ಕಡಿಮೆಯಾಗಿತ್ತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಅನ್ನ ತಿನ್ನಿ ಎಂದವರಿಗೂ ಬೇಡ ಎಂದವರಿಗೂ ಲಾಭವಾಗಿದ್ದರೆ, ಗುಟ್ಟು ಅನ್ನದಲ್ಲಿ ಇರಲಾರದು. ಎರಡರಲ್ಲೂ ಸಮಾನವಾಗಿದ್ದದ್ದು ಹಣ್ಣು-ತರಕಾರಿ ಹೆಚ್ಚಿದ್ದು, ಬೇಕರಿ ತಿಂಡಿ ಮತ್ತು ಪೊಟ್ಟಣದ ತಿನಿಸು ಕಡಿಮೆಯಾದದ್ದು. ಅಲ್ಲದೆ, ಹೋಲಿಕೆಗಾಗಿ ಹಳೆಯ ಊಟವನ್ನೇ ಮುಂದುವರಿಸಿದ ಗುಂಪು ಅಲ್ಲಿರಲಿಲ್ಲ. ಆದ್ದರಿಂದ 'ಇದೇ ಔಷಧಿ' ಎನ್ನುವಂತಿಲ್ಲ. ಬೇಳೆ-ಮೊಟ್ಟೆಗಳನ್ನೆಲ್ಲ ಬಿಟ್ಟು ಬಡವಾಗುವ ಅಗತ್ಯವೂ ನನಗೆ ಕಾಣುವುದಿಲ್ಲ.

ನಮ್ಮ ಅಡುಗೆಮನೆಗೆ ಬರೋಣ. ಒಂದು ದೊಡ್ಡ ಚಮಚ ತುಪ್ಪದಲ್ಲೇ ಸುಮಾರು 8 ಗ್ರಾಂ ಸ್ಯಾಚುರೇಟೆಡ್ ಕೊಬ್ಬಿದೆ, ತೆಂಗಿನೆಣ್ಣೆಯಲ್ಲಿ ಇನ್ನೂ ಹೆಚ್ಚು. ನೈಚೋರು ಒಂದು ತಟ್ಟೆ ಉಂಡರೆ ಸ್ವಾಂಕ್ ಅವರ ಲೆಕ್ಕ ಅಲ್ಲಿಗೇ ಮುಗಿಯಬಹುದು. ಬಿರಿಯಾನಿ ಹಬ್ಬಕ್ಕಿರಲಿ, ಪ್ರತಿ ಶುಕ್ರವಾರ ಬೇಕೇ? ಬೂತಾಯಿ, ಬಂಗುಡೆ ಒಳ್ಳೆಯ ಕೊಬ್ಬಿನ ಮೀನುಗಳು. ಎಣ್ಣೆಯಲ್ಲಿ ಮುಳುಗಿಸಿ ಕರಿಯುವ ಬದಲು ಪುಳಿಮುಂಚಿ ಮಾಡಿ. ಮಧ್ಯಾಹ್ನ ಹೊಟ್ಟೆ ಬಿರಿಯುವಷ್ಟು ಉಣ್ಣುವುದಕ್ಕಿಂತ ಸ್ವಲ್ಪ ಸ್ವಲ್ಪವಾಗಿ ತಿಂದರೆ ತೂಕಡಿಕೆ ಕಡಿಮೆ. ಪದೇ ಪದೇ ಮೂತ್ರಕ್ಕೆ ಹೋಗಬೇಕೆಂದು ಕೆಲವರು ನೀರನ್ನೇ ಬಿಡುತ್ತಾರೆ. ಅದರಿಂದ ಮಲಬದ್ಧತೆಯೂ ಸುಸ್ತೂ ಹೆಚ್ಚಾಗುತ್ತವೆ. ಸಂಜೆಯ ನಂತರದ ಚಹಾ ನಿದ್ದೆ ಕೆಡಿಸುತ್ತದೆ.

ಎಲ್ಲ ಆಯಾಸವೂ ಎಂ.ಎಸ್.ನದ್ದಲ್ಲ. ರಕ್ತಹೀನತೆ, ಥೈರಾಯ್ಡ್, ಬಿ12 ಕೊರತೆ, ಖಿನ್ನತೆಯೂ ಕಾರಣವಿರಬಹುದು. ವೈದ್ಯರಲ್ಲಿ ಪರೀಕ್ಷಿಸಿಕೊಳ್ಳಿ. ವಿಟಮಿನ್ ಡಿ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ಅತಿಯಾಗಿ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹಾನಿ. ಇನ್ನು, ಕರಿಜೀರಿಗೆ ಎಣ್ಣೆ ಕೊಟ್ಟು "ಇನ್ನು ಮಾತ್ರೆ ಬೇಡ" ಎನ್ನುವವರಿದ್ದಾರೆ. ಪ್ರವಾದಿ(ಸ)ರು ಚಿಕಿತ್ಸೆ ಪಡೆಯಲು ಕಲಿಸಿದ್ದಾರೆ, ಬಿಡಲು ಅಲ್ಲ. ಎಂ.ಎಸ್. ಮಾತ್ರೆ, ಇಂಜೆಕ್ಷನ್‌ಗಳನ್ನು ಯಾವ ಪಥ್ಯದ ಹೆಸರಿನಲ್ಲೂ ನಿಲ್ಲಿಸಬೇಡಿ.

ರಮಝಾನ್ ಉಪವಾಸದ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಕಾಯಿಲೆ ಹತೋಟಿಯಲ್ಲಿದ್ದು ನರರೋಗ ತಜ್ಞರು ಒಪ್ಪಿದರೆ ಉಪವಾಸ ಹಿಡಿಯಬಹುದು. ಔಷಧಿಯ ಹೊತ್ತು ಬದಲಿಸುವುದಿದ್ದರೆ ಮುಂಚೆಯೇ ಕೇಳಿಕೊಳ್ಳಿ. ಸಹರಿಗೆ ಬರೀ ಬಿಳಿ ಅನ್ನ ಬೇಡ. ರಾಗಿ, ಓಟ್ಸ್, ಮೊಟ್ಟೆ, ಮೊಸರು ಹೆಚ್ಚು ಹೊತ್ತು ತಾಳುತ್ತವೆ. ಕಾಯಿಲೆ ಉಲ್ಬಣಿಸಿದಾಗ ಹಿಡಿಯಲೇಬಾರದು. ರೋಗಿಗೆ ವಿನಾಯಿತಿ ಇರುವುದು ಕುರ್‌ಆನಿನ ಅಲ್ ಬಕರ ಅಧ್ಯಾಯದಲ್ಲಿ. ಅದು ಅಲ್ಲಾಹನು ಕೊಟ್ಟದ್ದು, ಅತ್ತೆಯೋ ನೆರೆಯವರೋ ಕೊಡುವುದಲ್ಲ. ಚೇತರಿಸಿಕೊಂಡ ಮೇಲೆ ಖಝಾ ತೀರಿಸಬಹುದು. ಇನ್ನೆಂದೂ ಆಗದೆಂದು ವೈದ್ಯರು ಹೇಳಿದರೆ ಒಂದೊಂದು ಉಪವಾಸಕ್ಕೆ ಒಬ್ಬ ಬಡವರಿಗೆ ಊಟ, ಅಂದರೆ ಫಿದ್ಯಾ, ಕೊಟ್ಟರಾಯಿತು. ಲೆಕ್ಕ ತಿಳಿಯದವರು ತಮ್ಮ ಮಸೀದಿಯ ಇಮಾಮರನ್ನು ಕೇಳಲಿ.