ಲೇತ್ ಕಾಣದ ಷಟ್ಕೋನ

ಟಿ. ದಾಸರಹಳ್ಳಿಯ ಎಂಟನೇ ಮೈಲಿಯಲ್ಲಿ ರಾತ್ರಿ ಉಡುಪಿ ಬಸ್ಸು ಹತ್ತಿದರೆ ಬೆಳಿಗ್ಗೆ ಮಲ್ಪೆಯ ಗಾಳಿ. ಜೊತೆಗೆ ಬಂದ ಗೆಳೆಯ ಪೀಣ್ಯದ ವರ್ಕ್‌ಶಾಪೊಂದರಲ್ಲಿ ಟರ್ನರ್. ಆರು ಮೂಲೆಯ ಸರಳಿನಿಂದ ನಟ್ಟು ತೆಗೆಯುತ್ತಲೇ ತಲೆ ನರೆತವನು. ದೋಣಿ ಇಳಿದು, ಒತ್ತೊತ್ತಾಗಿ ನಿಂತ ಕಲ್ಲುಕಂಬಗಳನ್ನು ಕಂಡವನೇ ಒಂದರ ಅಂಚಿಗೆ ಹೆಬ್ಬೆರಳು ಸವರಿದ. ‘ಇದಕ್ಕೆ ಐದು ಮೂಲೆ, ಪಕ್ಕದ್ದಕ್ಕೆ ಆರು, ಆಚೆಯದಕ್ಕೆ ಏಳು. ನಮ್ಮಲ್ಲಾಗಿದ್ದರೆ ಇಡೀ ಲಾಟ್ ರಿಜೆಕ್ಟ್ ಮಾರಾಯ!’

ಮಲ್ಪೆಯಿಂದ ಸುಮಾರು 6 ಕಿ.ಮೀ. ದೂರದ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಮನೆಮಠವಿಲ್ಲ. ಆಸುಪಾಸಿನವರ ಬಾಯಲ್ಲಿ ಇದು ತೋನ್ಸೆಪಾರ್. ಈಗಿನ ಹೆಸರು 1498ರಲ್ಲಿ ಬಂದ ವಾಸ್ಕೋ ಡ ಗಾಮ ಇಟ್ಟದ್ದು ಎನ್ನುತ್ತಾರೆ. ನನಗೆ ಹಳೆಯದೇ ಹಿತ.

ಗೆಳೆಯ ರಿಜೆಕ್ಟ್ ಮಾಡಿದ ಲಾಟ್ ಹುಟ್ಟಿದ್ದು ಸುಮಾರು 9 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರ್ಪಡುತ್ತಿದ್ದ ಕಾಲದಲ್ಲಿ. ದಖ್ಖನ್ ಪ್ರಸ್ಥಭೂಮಿಯ ಲಾವಾ ಉಕ್ಕಿದ್ದು ಇದಾಗಿ ಎರಡು ಕೋಟಿ ವರ್ಷ ಕಳೆದ ಮೇಲೆ. ಬಿಸಿ ಲಾವಾ ಆರುತ್ತ ಕುಗ್ಗುತ್ತದೆ. ಬತ್ತಿದ ಕೆರೆಯ ಕೆಸರು ಬಿರಿಯುವಂತೆ ಮೇಲ್ಮೈ ಬಿರಿದು, ಬಿರುಕು ತಣ್ಣಗಾದಷ್ಟೂ ಕೆಳಗಿಳಿಯುತ್ತದೆ. ಉಳಿಯುವುದು ಕಂಬ. ನೋಟಕ್ಕೆ ಬಸಾಲ್ಟಿನಂತಿದ್ದರೂ ಇದು ಸಿಲಿಕಾ ಹೆಚ್ಚಿರುವ ರಯೋಲೈಟ್ ಬಳಗದ ಶಿಲೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ಆ ಗೌರವ ಕಲ್ಲಿಗೆ ಮಾತ್ರ. ಸುತ್ತಲಿನ ನೀರಿಗೆ ಅದರಲ್ಲಿ ಪಾಲಿಲ್ಲ.

ನೀರಿಗೂ ಪಾಲು ಸಿಕ್ಕ ಕಡೆ ಉಂಟು. ಸ್ಪೇನಿನ ಪೂರ್ವ ಕರಾವಳಿಯಾಚೆ ಕೊಲುಂಬ್ರೆತೆಸ್ ಎಂಬ ಜ್ವಾಲಾಮುಖಿ ದ್ವೀಪಗಳಿವೆ; ಅಲ್ಲಿಯೂ ಊರಿಲ್ಲ. ಹಾವುಗಳಿಂದ ಹೆಸರು ಪಡೆದ ಈ ದ್ವೀಪಗಳ ಸುತ್ತಲ ಕಡಲು 1990ರಿಂದ ಮೀಸಲು. ಬಲೆ ಬೀಳದ ನೀರಲ್ಲಿ ಲಾಬ್‌ಸ್ಟರ್‌ಗಳು ಕೊಬ್ಬಿ ಬೆಳೆದವು, ಕೆಲವು ಗಡಿ ದಾಟಿ ಹರಿದಾಡಿದವು. ಮೀನುಗಾರರು ಈಗ ಗಡಿಯಂಚಿಗೇ ಬಲೆ ಹಾಕುತ್ತಾರೆ! ಬುದ್ಧಿವಂತರು. ನಮ್ಮಲ್ಲೂ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ರಜೆ ಇದೆ. ಅದು ಕಾಲಕ್ಕೆ ಹಾಕಿದ ಬೇಲಿ, ಜಾಗಕ್ಕೆ ಹಾಕಿದ್ದಲ್ಲ.

ಹೊರಡುವಾಗ ಗೆಳೆಯ ಕಲ್ಲಿನ ಚೂರೊಂದನ್ನು ‘ಸ್ಯಾಂಪಲ್’ ಎಂದು ಜೇಬಿಗಿಳಿಸಿದ. ಸ್ಮಾರಕ ಕಣಪ್ಪ ಎಂದು ಬೈದು ವಾಪಸ್ ಇಡಿಸಿದೆ. ಮಲ್ಪೆಗೆ ಮರಳಿ, ಬಂದರಿನಲ್ಲಿ ಆಗಷ್ಟೇ ಇಳಿದ ಬಂಗುಡೆಯನ್ನು ಮಾತ್ರ ಇಬ್ಬರೂ ಚೌಕಾಸಿ ಮಾಡಿ ಕೊಂಡೆವು.