ನಿಲ್ಲಿಸಿದರೂ ನಿಲ್ಲದ ಡೀಸೆಲ್ ಟ್ರಾಕ್ಟರ್ ಎಂಜಿನ್

ಟ್ರಾಕ್ಟರಿನ ಎಂಜಿನ್ ಹೊರಡದಿದ್ದರೆ ರೈತನ ಒಂದು ದಿನದ ಉಳುಮೆ ಕೆಡುವುದು. ಹೊರಟ ಎಂಜಿನ್ ನಿಲ್ಲದೆ ಹೋದರೆ ಎಂಜಿನ್ನೇ ಒಡೆದು ಹೋಗಬಹುದು. ಹತ್ತಿರ ನಿಂತವರ ಪ್ರಾಣಕ್ಕೂ ಅಪಾಯವುಂಟು. ಹಳೆಯ ಡೀಸೆಲ್ ಟ್ರಾಕ್ಟರುಗಳಲ್ಲಿ ಈ ದೋಷವು ಅಪರೂಪವಲ್ಲ. ಇದರ ಕಾರಣಗಳನ್ನೂ, ಅವುಗಳನ್ನು ಗುರುತಿಸುವ ಕ್ರಮವನ್ನೂ ರೈತರು ಮೊದಲೇ ತಿಳಿದುಕೊಂಡಿರುವುದು ಅವಶ್ಯಕ. ಎಂಜಿನ್ ಆರ್ಭಟಿಸುತ್ತಿರುವಾಗ ಯೋಚಿಸಿ ನೋಡುವುದಕ್ಕೆ ಸಮಯವಿರುವುದಿಲ್ಲ.

ಬೀಗದ ಕೈಯಿಂದ ಏಕೆ ನಿಲ್ಲುವುದಿಲ್ಲ?

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನವನ್ನು ಹೊತ್ತಿಸುವುದು ವಿದ್ಯುತ್ತಿನ ಕಿಡಿ. ಬೀಗದ ಕೈಯನ್ನು ತಿರುಗಿಸಿ ಕಿಡಿಯನ್ನು ತಪ್ಪಿಸಿದೊಡನೆ ಅದು ನಿಲ್ಲುವುದು. ಜರ್ಮನ್ ಎಂಜಿನಿಯರನಾದ ರುಡಾಲ್ಫ್ ಡೀಸೆಲನು 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನಿನಲ್ಲಿ ಕಿಡಿಯೆಂಬುದೇ ಇಲ್ಲ. ಸಿಲಿಂಡರಿನೊಳಕ್ಕೆ ಬಂದ ಗಾಳಿಯನ್ನು ಪಿಸ್ಟನ್ನು ಸುಮಾರು ಹದಿನಾರನೆಯ ಒಂದು ಪಾಲಿನಷ್ಟು ಜಾಗಕ್ಕೆ ಒತ್ತುತ್ತದೆ. ಆ ಒತ್ತಡದಿಂದ ಗಾಳಿಯು 500 ಡಿಗ್ರಿ ಸೆಂಟಿಗ್ರೇಡಿಗೂ ಮೀರಿ ಕಾಯುವುದರಿಂದ, ಅದರೊಳಕ್ಕೆ ಚಿಮ್ಮಿದ ಎಣ್ಣೆಯು ತಾನೇ ಹೊತ್ತಿಕೊಳ್ಳುವುದು. ಆದುದರಿಂದ ಎಣ್ಣೆಯಾಗಲಿ, ಗಾಳಿಯಾಗಲಿ ತಪ್ಪಿದ ಹೊರತು ಈ ಎಂಜಿನ್ ನಿಲ್ಲುವುದಿಲ್ಲ. ಹಳೆಯ ಟ್ರಾಕ್ಟರುಗಳಲ್ಲಿ ಬ್ಯಾಟರಿಯ ತಂತಿಯನ್ನು ಕಳಚಿದರೂ ಫಲವಿಲ್ಲ.

ಇಂಥ ಟ್ರಾಕ್ಟರುಗಳಲ್ಲಿ ಚಾಲಕನ ಮುಂದೆ ಒಂದು ಎಳೆಯುವ ಗುಂಡಿ ಇರುತ್ತದೆ. ಅದನ್ನು ಎಳೆದರೆ ಕೇಬಲಿನ ಮೂಲಕ ಇಂಧನ ಪಂಪಿನ ಮೇಲಿರುವ ಲಿವರು ತಿರುಗಿ, ಪಂಪು ಎಣ್ಣೆಯನ್ನು ಕಳುಹಿಸುವುದನ್ನು ನಿಲ್ಲಿಸುತ್ತದೆ. ಅನಂತರ ಫ್ಲೈವೀಲಿನ ವೇಗದಿಂದ ಎಂಜಿನ್ ಕೆಲವು ಸುತ್ತು ತಿರುಗಿ ನಿಲ್ಲುವುದು ಸಹಜ, ಅದು ದೋಷವಲ್ಲ.

ಎಂಜಿನ್ ಏನನ್ನು ಉರಿಸುತ್ತಿದೆ?

ನಿಲ್ಲದ ಎಂಜಿನ್ ಪಂಪಿನಿಂದ ಬರುವ ಡೀಸೆಲನ್ನು ಉರಿಸುತ್ತಿದೆಯೋ, ಪಂಪಿಗೆ ಸಂಬಂಧವಿಲ್ಲದ ಬೇರೆ ಎಣ್ಣೆಯನ್ನು ಉರಿಸುತ್ತಿದೆಯೋ ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ. ವೇಗವನ್ನೂ ಹೊಗೆಯನ್ನೂ ನೋಡಿ ಇದನ್ನು ಬಹುಮಟ್ಟಿಗೆ ನಿರ್ಧರಿಸಬಹುದು.

ಎಂಜಿನ್ ಎಂದಿನಂತೆ ಮೆಲ್ಲಗೆ, ಒಂದೇ ಸಮನಾಗಿ ನಡೆಯುತ್ತಿದ್ದು ಗುಂಡಿಯನ್ನು ಎಳೆದರೂ ನಿಲ್ಲದಿದ್ದರೆ ದೋಷವು ಕೇಬಲಿನಲ್ಲಿ, ಇಲ್ಲವೆ ಪಂಪಿನಲ್ಲಿ ಇರುತ್ತದೆ. ಎಂಜಿನ್ ಕಪ್ಪು ಹೊಗೆಯನ್ನು ಕಾರುತ್ತ ವೇಗವಾಗಿ ಓಡಿದರೆ, ಪಂಪು ಪೂರ್ಣ ಪ್ರಮಾಣದಲ್ಲಿ ಎಣ್ಣೆ ಕೊಡುವ ಸ್ಥಿತಿಯಲ್ಲಿ ಸಿಕ್ಕಿಕೊಂಡಿದೆ ಎಂದು ಊಹಿಸಬಹುದು. ನೀಲಿ ಛಾಯೆಯ ದಟ್ಟವಾದ ಹೊಗೆಯೊಡನೆ ವೇಗವು ಕ್ಷಣಕ್ಷಣಕ್ಕೂ ಏರುತ್ತ ಹೋದರೆ, ಎಂಜಿನ್ ತನ್ನ ಆಯಿಲನ್ನೇ ಉರಿಸುತ್ತಿದೆಯೆಂದು ತಿಳಿಯತಕ್ಕದ್ದು. ಈ ಮೂರನೆಯ ಸ್ಥಿತಿಯೇ ಅತ್ಯಂತ ಅಪಾಯಕರವಾದದ್ದು. ಆಗ ಪಂಪನ್ನು ಮುಚ್ಚಿದರೂ ಡೀಸೆಲ್ ತೊಟ್ಟಿಯನ್ನು ಬರಿದು ಮಾಡಿದರೂ ಎಂಜಿನ್ ನಿಲ್ಲದು. ನಿಮಿಷಕ್ಕೆ ಸುಮಾರು 2000 ಸುತ್ತಿಗೆಂದು ಮಾಡಿದ ಎಂಜಿನ್ ಆ ಮಿತಿಯನ್ನು ಬಹಳವಾಗಿ ಮೀರಿದರೆ, ಅದರ ಒಳಭಾಗಗಳು ಮುರಿದು ಗೋಡೆಯನ್ನು ಒಡೆದುಕೊಂಡು ಹೊರಕ್ಕೆ ಸಿಡಿಯಬಹುದು.

ಆ ಕ್ಷಣದಲ್ಲಿ ಮಾಡಬೇಕಾದದ್ದು

ಮೊದಲು ಹೆಂಗಸರು, ಮಕ್ಕಳು, ಆಳುಕಾಳುಗಳನ್ನು ದೂರ ಕಳುಹಿಸಬೇಕು. ಎಂಜಿನ್ ಮೆಲ್ಲಗೆ ನಡೆಯುತ್ತಿದ್ದರೆ ಗಾಬರಿಪಡಬೇಕಾದ ಕಾರಣವಿಲ್ಲ. ಟ್ರಾಕ್ಟರಿನ ಮುಂದೆಯೂ ಹಿಂದೆಯೂ ಯಾರೂ ಇಲ್ಲವೆಂದು ನೋಡಿಕೊಂಡು, ಚಾಲಕನು ತನ್ನ ಪೀಠದಲ್ಲಿಯೇ ಕುಳಿತು ಕ್ಲಚ್ಚನ್ನು ಅದುಮಿ, ಅತಿ ಮೇಲಿನ ಗೇರನ್ನು ಹಾಕಿ, ಎರಡು ಬ್ರೇಕುಗಳನ್ನೂ ಒಟ್ಟಿಗೆ ಬಲವಾಗಿ ತುಳಿದು ಕ್ಲಚ್ಚನ್ನು ಬಿಟ್ಟರೆ ಎಂಜಿನ್ ಉಸಿರು ಕಟ್ಟಿ ನಿಲ್ಲುವುದು. ವೇಗವಾಗಿ ಓಡುತ್ತಿರುವ ಎಂಜಿನ್ನಿಗೆ ಈ ಉಪಾಯವನ್ನು ಮಾಡಕೂಡದು. ಟ್ರಾಕ್ಟರು ನೆಗೆದು ಹೋಗುವ ಸಂಭವವುಂಟು.

ಉಳುತ್ತಿರುವಾಗಲೇ ಎಂಜಿನ್ ಓಟಕ್ಕೆ ಬಿದ್ದರೆ ನೇಗಿಲನ್ನು ಮೇಲಕ್ಕೆ ಎತ್ತಬಾರದು, ಕ್ಲಚ್ಚನ್ನೂ ಅದುಮಬಾರದು. ಭಾರವು ತಪ್ಪಿದ ಎಂಜಿನ್ ಇನ್ನೂ ವೇಗವಾಗುವುದು. ನೇಗಿಲನ್ನು ನೆಲದಲ್ಲಿಯೇ ಬಿಟ್ಟು ಬ್ರೇಕುಗಳನ್ನು ಒತ್ತಿ ಎಂಜಿನ್ನಿನ ಬಲವನ್ನು ಕುಗ್ಗಿಸಬೇಕು.

ಆಯಿಲನ್ನು ಉರಿಸುತ್ತ ಓಡುವ ಎಂಜಿನ್ನನ್ನು ನಿಲ್ಲಿಸಲು ಗಾಳಿಯನ್ನು ತಡೆಯುವುದೇ ಸರಿಯಾದ ಮಾರ್ಗ. ಗಾಳಿಯು ಎಂಜಿನ್ನಿಗೆ ಹೋಗುವ ಬಾಯಿಯನ್ನು ಅಗಲವಾದ ಹಲಗೆಯಿಂದ ಒತ್ತಿ ಮುಚ್ಚಬಹುದು. ಇಂಗಾಲದ ಡೈ ಆಕ್ಸೈಡ್ ತುಂಬಿದ ಅಗ್ನಿಶಾಮಕವಿದ್ದರೆ ಅದನ್ನು ಆ ಬಾಯಿಯೊಳಕ್ಕೆ ಬಿಡಬಹುದು. ಬರಿಗೈಯನ್ನು ಎಂದಿಗೂ ಅಡ್ಡ ಹಿಡಿಯಕೂಡದು. ಬಿಡಿಯಾದ ಬಟ್ಟೆಯನ್ನು ಎಂಜಿನ್ ಒಳಕ್ಕೆ ಎಳೆದುಕೊಳ್ಳುವುದು. ವೇಗವು ಆಗಲೇ ಮಿತಿಮೀರಿದ್ದರೆ ಹತ್ತಿರ ಹೋಗದೆ ದೂರ ಸರಿಯುವುದೇ ವಿವೇಕ. ಟ್ರಾಕ್ಟರನ್ನು ಮತ್ತೆ ಕೊಳ್ಳಬಹುದು.

ನಾಜಲಿಗೆ ಹೋಗುವ ಕೊಳವೆಗಳ ತಿರುಪನ್ನು ಸಡಿಲಿಸಿ ಎಂಜಿನ್ನನ್ನು ನಿಲ್ಲಿಸಲು ಕೆಲವರು ಯತ್ನಿಸುವುದುಂಟು. ಅಲ್ಲಿ ಎಣ್ಣೆಯ ಒತ್ತಡವು ಚದರ ಅಂಗುಲಕ್ಕೆ 2000 ಪೌಂಡಿಗೂ ಮಿಕ್ಕಿರುತ್ತದೆ. ಅಷ್ಟು ಒತ್ತಡದಿಂದ ಚಿಮ್ಮಿದ ಎಣ್ಣೆಯು ಚರ್ಮವನ್ನು ತೂರಿ ಒಳಕ್ಕೆ ಹೋಗುವುದು. ಗಾಯವು ಸೂಜಿ ಚುಚ್ಚಿದಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇಲ್ಲದಿದ್ದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾದೀತು.

ದೋಷವನ್ನು ಹುಡುಕುವ ಕ್ರಮ

ಎಂಜಿನ್ ನಿಂತು ತಣ್ಣಗಾದ ಮೇಲೆ ಒಬ್ಬನು ಗುಂಡಿಯನ್ನು ಎಳೆಯಲಿ. ಇನ್ನೊಬ್ಬನು ಪಂಪಿನ ಲಿವರನ್ನು ನೋಡುತ್ತಿರಲಿ. ಲಿವರು ತನ್ನ ಕೊನೆಯ ತಡೆಯನ್ನು ಮುಟ್ಟುವವರೆಗೆ ತಿರುಗದಿದ್ದರೆ, ಅದನ್ನು ಕೈಯಿಂದಲೇ ತಿರುಗಿಸಿ ನೋಡಬೇಕು. ಕೈಗೆ ಸಲೀಸಾಗಿ ಪೂರ್ತಿ ತಿರುಗಿದರೆ ದೋಷವು ಕೇಬಲಿನದು. ಒಳಗಿನ ತಂತಿ ತುಕ್ಕು ಹಿಡಿದಿರಬಹುದು, ಹೊರಕವಚವನ್ನು ಹಿಡಿದಿರುವ ಪಟ್ಟಿ ಸಡಿಲವಾಗಿರಬಹುದು, ತಂತಿಯ ತುದಿಯ ತಿರುಪು ಜಾರಿರಬಹುದು. ಇವುಗಳನ್ನು ಊರಿನಲ್ಲಿಯೇ ಅಲ್ಪ ವೆಚ್ಚದಲ್ಲಿ ಸರಿಪಡಿಸಿಕೊಳ್ಳಬಹುದು. ಬಿಚ್ಚುವ ಮೊದಲು ಈ ಪರೀಕ್ಷೆಯನ್ನು ಮಾಡದೆ ಒಳ್ಳೆಯ ಪಂಪನ್ನೇ ಕಳಚಿ ಕೆಡಿಸಬಾರದು.

ಲಿವರು ಬಿಗಿಯಾಗಿದ್ದರೆ, ಅಥವಾ ಪೂರ್ತಿ ತಿರುಗಿದರೂ ಎಂಜಿನ್ ನಿಲ್ಲದಿದ್ದರೆ, ದೋಷವು ಪಂಪಿನ ಒಳಗಿರಬಹುದು. ಸಿಲಿಂಡರಿಗೆ ಒಂದರಂತೆ ಸಾಲಾಗಿ ಪ್ಲಂಜರುಗಳಿರುವ ಪಂಪಿನಲ್ಲಿ ಅವೆಲ್ಲವನ್ನೂ ಒಂದೇ ಸರಳು ತಿರುಗಿಸುತ್ತದೆ. ಡೀಸೆಲಿನಲ್ಲಿ ನೀರು ಬೆರೆತು ಒಂದು ಪ್ಲಂಜರು ತುಕ್ಕು ಹಿಡಿದರೂ ಸಾಕು, ಸರಳು ಪೂರ್ತಿಯಾಗಿ ಸಿಕ್ಕಿಕೊಳ್ಳುವುದು. ದುಂಡನೆಯ ರೋಟರಿ ಪಂಪುಗಳಲ್ಲಿ ಎಣ್ಣೆಯನ್ನು ಅಳೆಯುವ ಕವಾಟವು ಹಳೆಯ ಡೀಸೆಲಿನ ಅಂಟಿನಿಂದ ಹಿಡಿದುಕೊಳ್ಳುವುದುಂಟು. ಮಳೆಗಾಲವೆಲ್ಲ ಕೊಟ್ಟಿಗೆಯಲ್ಲಿ ನಿಂತಿದ್ದ ಟ್ರಾಕ್ಟರುಗಳಲ್ಲಿ ಇದು ವಿಶೇಷವಾಗಿ ಕಂಡುಬರುತ್ತದೆ. ಪಂಪಿನ ಭಾಗಗಳ ನಡುವಣ ಅಂತರವು ಕೂದಲೆಳೆಗಿಂತಲೂ ಬಹಳ ಕಡಿಮೆಯಾದುದರಿಂದ, ಅದನ್ನು ಪಂಪು ಪರೀಕ್ಷಿಸುವ ಯಂತ್ರವಿರುವ ಕಾರ್ಖಾನೆಯಲ್ಲಿಯೇ ಬಿಚ್ಚಿಸತಕ್ಕದ್ದು.

ಇಂಗ್ಲೆಂಡಿನಲ್ಲಿ 1952ರಿಂದ ತಯಾರಾದ ಫೋರ್ಡ್‌ಸನ್ ಮೇಜರ್ ಡೀಸೆಲ್ ಟ್ರಾಕ್ಟರಿನಲ್ಲಿ ವೇಗವನ್ನು ಹಿಡಿತದಲ್ಲಿಡುವ ಗವರ್ನರು ಗಾಳಿಯ ಸೆಳೆತದಿಂದ ಕೆಲಸ ಮಾಡುತ್ತದೆ. ಅದರೊಳಗಿನ ತೆಳುವಾದ ಪೊರೆಯು ಹರಿದರೆ, ಅಥವಾ ಅದಕ್ಕೆ ಹೋಗುವ ಕೊಳವೆ ಬಿರಿದರೆ, ಸ್ಪ್ರಿಂಗು ಸರಳನ್ನು ಪೂರ್ಣ ಎಣ್ಣೆಯ ಕಡೆಗೆ ತಳ್ಳುವುದರಿಂದ ಎಂಜಿನ್ ಓಡತೊಡಗುವುದು. ಇಂಥ ಗವರ್ನರುಳ್ಳ ಟ್ರಾಕ್ಟರುಗಳಲ್ಲಿ ಈ ಪೊರೆಯನ್ನು ಮೊದಲು ಪರೀಕ್ಷಿಸಬೇಕು.

ಎಂಜಿನ್ ಆಯಿಲನ್ನು ಉರಿಸಿದ್ದರೆ ಅಳತೆಯ ಕಡ್ಡಿಯನ್ನು ತೆಗೆದು ನೋಡಬೇಕು. ಆಯಿಲಿನ ಮಟ್ಟವು ಮೇಲಿನ ಗೆರೆಯನ್ನು ದಾಟಿ, ತೆಳ್ಳಗಾಗಿ, ಡೀಸೆಲಿನ ವಾಸನೆ ಬರುತ್ತಿದ್ದರೆ, ಎಣ್ಣೆಯನ್ನು ಮೇಲೆತ್ತುವ ಚಿಕ್ಕ ಪಂಪಿನ ಪೊರೆಯು ಹರಿದು, ಅಥವಾ ದೊಡ್ಡ ಪಂಪಿನ ಸೀಲು ಸವೆದು, ಡೀಸೆಲು ಕೆಳಕ್ಕೆ ಸೋರಿರುವುದು ಸಂಭವನೀಯ. ಸವೆದ ಪಿಸ್ಟನ್ ರಿಂಗುಗಳೂ, ಗಾಳಿಯನ್ನು ಶೋಧಿಸುವ ಬಟ್ಟಲಿಗೆ ಗೆರೆ ಮೀರಿ ಸುರಿದ ಆಯಿಲೂ ಇದೇ ಅನರ್ಥಕ್ಕೆ ಕಾರಣವಾಗುವುವು. ಕಾರಣವನ್ನು ಕಂಡು ಸರಿಪಡಿಸುವವರೆಗೆ ಆ ಎಂಜಿನ್ನನ್ನು ಮತ್ತೆ ಹೊರಡಿಸಲೇಬಾರದು.

ಮುನ್ನೆಚ್ಚರಿಕೆ

ಪ್ರತಿದಿನವೂ ಎಂಜಿನ್ನನ್ನು ಹೊರಡಿಸುವ ಮುನ್ನ ಆಯಿಲಿನ ಕಡ್ಡಿಯನ್ನು ನೋಡುವುದು, ಗುಂಡಿಯನ್ನು ಒಮ್ಮೆ ಎಳೆದು ಲಿವರು ಪೂರ್ತಿ ತಿರುಗುವುದೋ ಎಂದು ಪರೀಕ್ಷಿಸುವುದು, ಡೀಸೆಲ್ ಫಿಲ್ಟರಿನ ತಳದಲ್ಲಿ ನಿಂತ ನೀರನ್ನು ಆಗಾಗ್ಗೆ ಬಿಡುವುದು, ಇವಿಷ್ಟನ್ನು ರೂಢಿಮಾಡಿಕೊಂಡರೆ ಈ ತೊಂದರೆಯ ಬಹುಭಾಗವು ತಲೆದೋರದು. ಬಹುದಿನ ನಿಂತಿದ್ದ ಟ್ರಾಕ್ಟರನ್ನು ಹೊರಡಿಸುವಾಗ ಗಾಳಿಯ ಬಾಯಿಗೆ ಸರಿಹೊಂದುವ ಹಲಗೆಯೊಂದನ್ನು ಕೈಗೆಟುಕುವಂತೆ ಇಟ್ಟುಕೊಂಡಿರಬೇಕು. ಬಾಡಿಗೆಯ ಚಾಲಕರಿಗೂ ಮನೆಯ ಯುವಕರಿಗೂ ಮೇಲ್ಕಂಡ ವಿಷಯಗಳನ್ನು ಎಂಜಿನ್ ನಿಂತಿರುವಾಗಲೇ ತೋರಿಸಿ ಕಲಿಸುವುದು ಟ್ರಾಕ್ಟರಿನ ಯಜಮಾನರ ಕರ್ತವ್ಯವಾಗಿದೆ.